ರೇಸ್ ಕೊಟ್ಟರೂ ಕಾರು ಎಳೆಯುತ್ತಿಲ್ಲವೇ? ಗ್ಯಾರೇಜಿಗೆ ಬಿಡುವ ಮುಂಚೆ ನೀವೇ ನೋಡಬಹುದಾದದ್ದು

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಯಾವುದೇ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಣ್ಣ, ಗಾಡಿ ಪಿಕಪ್ಪೇ ಇಲ್ಲ, ಸ್ವಲ್ಪ ನೋಡಿ." ಅಷ್ಟು ಹೇಳಿ ಕೀ ಕೊಟ್ಟು ಹೊರಟರೆ ಕೆಲಸ ಊಹೆಯ ಮೇಲೆ ಶುರುವಾಗುತ್ತದೆ. ಮೊದಲು ಪ್ಲಗ್ ಬದಲು, ಆಮೇಲೆ ಇಂಜೆಕ್ಟರ್ ಕ್ಲೀನಿಂಗ್. ಅದಕ್ಕೂ ಸರಿಹೋಗದಿದ್ದರೆ "ಥ್ರಾಟಲ್ ಬಾಡಿನೇ ಚೇಂಜ್ ಮಾಡ್ಬೇಕು ಸಾರ್" ಎಂಬ ಮಾತು. ಕೊನೆಗೆ ನೋಡಿದರೆ ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುತ್ತದೆ. ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ ಅಲ್ವಾ?

ಆದ್ದರಿಂದ ಒಂದೇ ನಿಯಮ ಇಟ್ಟುಕೊಳ್ಳಿ. ಪಾರ್ಟ್ ಬದಲಾಯಿಸುವ ಮುಂಚೆ ತೊಂದರೆ ಯಾವ ಜಾತಿಯದು ಅಂತ ಗುರುತಿಸಿ. ಅದಕ್ಕೆ ದುಡ್ಡು ಬೇಡ, ಒಂದು ಖಾಲಿ ರಸ್ತೆ ಸಾಕು.

ಮೊದಲು ಮೂರರಲ್ಲಿ ಯಾವುದು ಅಂತ ನೋಡಿ

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಆಕ್ಸಿಲರೇಟರನ್ನು ಒಂದೇ ಸಲ ಅರ್ಧದಷ್ಟು ಒತ್ತಿ ಬಿಡಿ. ಆರ್‌ಪಿಎಂ ಮುಳ್ಳು ತಕ್ಷಣ ಮೇಲೆ ಹೋಗಿ ಇಳಿಯಬೇಕು. ತಡೆದು ತಡೆದು ಏರಿದರೆ, ಅಥವಾ ಒತ್ತಿದ ಕ್ಷಣ ಒಮ್ಮೆ ಕುಸಿದು ಆಮೇಲೆ ಎದ್ದರೆ ಅದನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ರಸ್ತೆಗೆ ಇಳಿಸಿ. ಬೆಳಿಗ್ಗೆ ಟ್ರಾಫಿಕ್ ಇಲ್ಲದ ಹೊತ್ತು, ನೇರವಾದ, ಮಟ್ಟಸವಾದ ರಸ್ತೆ ಇರಲಿ. ನಾಲ್ಕನೇ ಗೇರಿನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಾ ಪೆಡಲ್ ಪೂರ್ತಿ ಒತ್ತಿ, ಮುಳ್ಳನ್ನು ನೋಡಿ. ಆರ್‌ಪಿಎಂ ಜರ್ರನೆ ಏರಿ ಕಾರು ಮಾತ್ರ ಅದೇ ವೇಗದಲ್ಲಿ ಉಳಿದರೆ ಎಂಜಿನ್ ತಪ್ಪಲ್ಲ, ಕ್ಲಚ್ ಜಾರುತ್ತಿದೆ. ವಾರಾಂತ್ಯಕ್ಕೆ ನಂದಿ ಬೆಟ್ಟ ಹತ್ತುವ ಗಾಡಿಗಳ ಸಾಲಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ತಡೆದು ನಿಲ್ಲಿಸುವವರಿಗೆ ಇದು ಬೇಗ ಬರುತ್ತದೆ. ಸುಟ್ಟ ವಾಸನೆಯೂ ಜೊತೆಗಿರುತ್ತದೆ. ಇದಕ್ಕೆ ಏರ್ ಫಿಲ್ಟರ್, ಪ್ಲಗ್ ಏನು ಬದಲಾಯಿಸಿದರೂ ಪ್ರಯೋಜನ ಇಲ್ಲ.

ಎಂಜಿನ್ನೂ ಏರುತ್ತಿಲ್ಲ, ಕಾರೂ ಹೋಗುತ್ತಿಲ್ಲ ಅಂದರೆ ಗಾಳಿ, ಇಂಧನ, ಕಿಡಿ ಈ ಮೂರರಲ್ಲಿ ಒಂದು ಕೊರತೆ. ಅಥವಾ ಹೊಗೆ ಹೊರಹೋಗುವ ದಾರಿ ಕಟ್ಟಿದೆ.

ಒತ್ತಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಚೆನ್ನಾಗಿಯೇ ಹೋಗುತ್ತದೆ ಅನ್ನುವುದು ಮೂರನೆಯ ಬಗೆ. ಇದರಲ್ಲಿ ಸ್ವಲ್ಪ ಭಾಗ ಕಾಯಿಲೆಯೇ ಅಲ್ಲ. ಈಗಿನ ಕಾರುಗಳಲ್ಲಿ ಪೆಡಲ್‌ಗೂ, ಎಂಜಿನ್‌ಗೆ ಹೋಗುವ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್‌ಗೂ ನಡುವೆ ಕೇಬಲ್ ಇಲ್ಲ. ಪೆಡಲ್‌ನಲ್ಲಿರುವ ಸೆನ್ಸರ್ ಎಷ್ಟು ಒತ್ತಿದಿರಿ ಅಂತ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ, ಇಸಿಯು ಯೋಚಿಸಿ ಒಂದು ಮೋಟಾರಿನಿಂದ ಥ್ರಾಟಲ್ ತಟ್ಟೆಯನ್ನು ತೆರೆಸುತ್ತದೆ. ಹೊಗೆ ಕಡಿಮೆ ಆಗಲಿ, ಜರ್ಕ್ ಹೊಡೆಯದಿರಲಿ ಅಂತ ಕಂಪನಿಯವರೇ ಸ್ವಲ್ಪ ನಿಧಾನ ಇಟ್ಟಿರುತ್ತಾರೆ. ಇಕೋ ಮೋಡ್ ಇದ್ದರೆ ಇನ್ನೂ ನಿಧಾನ. ಕ್ಲಚ್ ಪೆಡಲ್ ಇಲ್ಲದ ಎಎಂಟಿ ಗೇರ್ ಬಾಕ್ಸ್ ಗೇರ್ ಬದಲಿಸುವಾಗ ನಿಂತು ಹೊರಡುವುದು ಅದರ ಸ್ವಭಾವ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಹಲವು ಡೀಸೆಲ್ ಕಾರುಗಳು 1,500–1,800 ಆರ್‌ಪಿಎಂ ದಾಟುವವರೆಗೆ ಮಂಕಾಗಿಯೇ ಇರುತ್ತವೆ. ಹೊಸದರಿಂದಲೂ ಹೀಗೇ ಇತ್ತು ಅಂದರೆ ಸುಮ್ನೆ ಗ್ಯಾರೇಜಿಗೆ ಅಲೆಯಬೇಡಿ. ಮೊದಲು ಚೆನ್ನಾಗಿತ್ತು, ಈಗ ಹೀಗಾಗಿದೆ ಅಂದರೆ ಮಾತ್ರ ಮುಂದೆ ಓದಿ.

ಎತ್ತರದ ಮಾತು

ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ನಂದಿ ಬೆಟ್ಟದ ತುದಿ 1,478 ಮೀಟರ್. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಏರಿದಾಗ ಹತ್ತಿರಹತ್ತಿರ ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಯಾಕೆಂದರೆ ಮೇಲೆ ಗಾಳಿ ತೆಳು. ಅಂದರೆ ಊರಿನಿಂದ ಬೆಟ್ಟದ ತುದಿ ಮುಟ್ಟುವಷ್ಟರಲ್ಲಿ ಶೇ. 5–6ರಷ್ಟು ಇಳಿಯುವುದು ಸಹಜ. ಒಂದು ಲೀಟರ್ ಎಂಜಿನ್ನಿನ ಚಿಕ್ಕ ಕಾರು, ಐದು ಜನ, ಎಸಿ ಆನ್ ಅಂದರೆ ಗೊತ್ತಾಗಿಯೇ ಆಗುತ್ತದೆ. ಆದರೆ ಹೋದ ವರ್ಷ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಅದೇ ತಿರುವಿನಲ್ಲಿ ಈಗ ಒಂದನೇ ಗೇರ್ ಬೇಕು ಅಂದರೆ ಅದಕ್ಕೆ ಬೆಟ್ಟ ಕಾರಣ ಅಲ್ಲ.

ದುಡ್ಡು ಖರ್ಚಿಲ್ಲದ ತಪಾಸಣೆ

ಪೆಡಲ್ ಕೆಳಗಿನ ಮ್ಯಾಟ್ ನೋಡಿ. ನಗಬೇಡಿ. ಕಂಪನಿ ಮ್ಯಾಟ್ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಕಿಸಿದ ಕಾರುಗಳಲ್ಲಿ ಪೆಡಲ್ ಮುಕ್ಕಾಲು ದೂರಕ್ಕೇ ನಿಂತುಬಿಡುತ್ತದೆ. ಮೇಲಿನ ಮ್ಯಾಟ್ ತೆಗೆದು ಓಡಿಸಿ ನೋಡಿ. ಮ್ಯಾಟ್ ಜರುಗಿ ಪೆಡಲ್ ಮೇಲೆ ಕೂತರೆ ರೇಸ್ ಬಿಟ್ಟರೂ ಇಳಿಯದೆ ಅಪಘಾತ ಆಗಬಹುದು, ಹಾಗಾಗಿ ಎರಡು ಮ್ಯಾಟ್ ಬೇಡವೇ ಬೇಡ. ಕೇಬಲ್ ಇರುವ ಹಳೆಯ ಕಾರಾದರೆ ಕೇಬಲ್ ಸಡಿಲ ಆಗಿದೆಯೇ ನೋಡಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಬಾನೆಟ್ ಎತ್ತಿ ಥ್ರಾಟಲ್ ಕೊನೆಯವರೆಗೆ ತಿರುಗುತ್ತಿದೆಯೇ ನೋಡಲಿ. ಎಂಜಿನ್ ಆಫ್ ಇರಲಿ.

ಬ್ರೇಕ್ ಹಿಡಿದುಕೊಂಡು ಬಿಟ್ಟಿದೆಯೇ ಅಂತಲೂ ನೋಡಿ. ಬ್ರೇಕ್ ಜಾಸ್ತಿ ಬಳಸದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ತನ್ನಿ. ಮುಟ್ಟಬೇಡಿ, ಹತ್ತಿರ ಸಾಕು. ಒಂದು ಚಕ್ರ ಮಾತ್ರ ಕೆಂಡದಂತೆ ಕಾದಿದ್ದರೆ ಅಲ್ಲಿ ಬ್ರೇಕ್ ಸಿಕ್ಕಿಕೊಂಡಿದೆ. ಟೈರಿನ ಗಾಳಿಯನ್ನೂ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕರ್‌ನಲ್ಲಿ ಬರೆದಷ್ಟಕ್ಕೆ ತುಂಬಿಸಿ.

ಸಿಎನ್‌ಜಿ ಕಾರು ಇದ್ದವರಿಗೆ ಒಂದು ಅನುಕೂಲ ಇದೆ. ಗ್ಯಾಸ್‌ನಿಂದ ಪೆಟ್ರೋಲ್‌ಗೆ ಬದಲಿಸಿ ಅದೇ ರಸ್ತೆಯಲ್ಲಿ ಓಡಿಸಿ. ಗ್ಯಾಸ್‌ನಲ್ಲಿ ಶಕ್ತಿ ಸ್ವಲ್ಪ ಕಡಿಮೆ ಇರುವುದು ಸಾಮಾನ್ಯ. ಆದರೆ ಪೆಟ್ರೋಲ್‌ನಲ್ಲಿ ಒಳ್ಳೆ ಎಳೆತ, ಗ್ಯಾಸ್‌ನಲ್ಲಿ ಮಾತ್ರ ಮಿಸ್ಸಿಂಗ್ (ಉರಿ ತಪ್ಪಿ ಎಂಜಿನ್ ಅದುರುವುದು) ಅಂದರೆ ಗ್ಯಾಸ್ ಫಿಲ್ಟರ್, ಗ್ಯಾಸ್ ಇಂಜೆಕ್ಟರ್ ಅಥವಾ ಸವೆದ ಪ್ಲಗ್ ಕಡೆ ನೋಡಿ. ಗ್ಯಾಸ್ ಹೊತ್ತಿಸಲು ಬಲವಾದ ಕಿಡಿ ಬೇಕು, ಹಾಗಾಗಿ ಪ್ಲಗ್ ದೋಷ ಮೊದಲು ಗ್ಯಾಸ್‌ನಲ್ಲೇ ಕಾಣುತ್ತದೆ. ಎರಡರಲ್ಲೂ ಒಂದೇ ಥರ ಮಂಕು ಅಂದರೆ ತೊಂದರೆ ಎರಡಕ್ಕೂ ಸೇರಿದ ಕಡೆ, ಅಂದರೆ ಹೆಚ್ಚಾಗಿ ಗಾಳಿಯ ದಾರಿಯಲ್ಲಿ ಇರುತ್ತದೆ.

ಏರ್ ಫಿಲ್ಟರ್

ನಮ್ಮ ಜಿಲ್ಲೆಯಲ್ಲಿ ಮೊದಲ ಅನುಮಾನ ಇದರ ಮೇಲೇ ಇರಲಿ. ಕ್ರಷರ್‌ಗಳಿರುವ ಕಡೆ ಓಡಾಡುವವರು, ಎಂ-ಸ್ಯಾಂಡ್ ಲಾರಿಗಳ ಹಿಂದೆ ಹೋಗುವವರು, ತೋಟದ ಮಣ್ಣು ದಾರಿಯಲ್ಲಿ ದಿನಾ ತಿರುಗುವವರು ಕಂಪನಿ ಪುಸ್ತಕದ ಕಿಲೋಮೀಟರ್ ಲೆಕ್ಕ ನಂಬಬೇಡಿ. ಆ ಪುಸ್ತಕದಲ್ಲೇ ಧೂಳಿನ ರಸ್ತೆಗೆ ಬೇರೆ ಲೆಕ್ಕ ಇರುತ್ತದೆ, ಓದುವವರು ಕಡಿಮೆ.

ಡಬ್ಬಿಯ ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ, ಮುಚ್ಚಳವನ್ನು ನಿಧಾನ ಎತ್ತಿ. ಫಿಲ್ಟರನ್ನು ಮೇಲಕ್ಕೆ ತೆಗೆಯುವಾಗ ಅಲ್ಲಾಡಿಸಬೇಡಿ, ಮೇಲಿನ ಮಣ್ಣು ಒಳಗಿನ ಪೈಪಿಗೆ ಬಿದ್ದರೆ ನೇರ ಎಂಜಿನ್‌ಗೆ. ಈಗ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳಕು ಅಲ್ಲಲ್ಲಿ ಹಾಯ್ದರೆ ಪರವಾಗಿಲ್ಲ. ಮಡಿಕೆ ಮಡಿಕೆಯ ನಡುವೆ ಕೆಂಪು ಮಣ್ಣು ಗಟ್ಟಿ ಕೂತು ಬೆಳಕೇ ಬರದಿದ್ದರೆ ಹೊಸದು ಹಾಕಿ. ಚಿಕ್ಕ ಕಾರುಗಳಿಗೆ ಕೆಲವು ನೂರು ರೂಪಾಯಿಯ ಮಾತು. ಕಂಪ್ರೆಸರ್ ಗಾಳಿ ಹೊಡೆದು ಸ್ವಚ್ಛ ಮಾಡುವುದಾದರೆ ಸ್ವಚ್ಛ ಕಡೆಯಿಂದ ಕೊಳೆ ಕಡೆಗೆ, ಕಡಿಮೆ ಒತ್ತಡದಲ್ಲಿ, ಸ್ವಲ್ಪ ದೂರದಿಂದ ಹೊಡೆಯಬೇಕು. ಪಂಕ್ಚರ್ ಅಂಗಡಿಯಲ್ಲಿ ಮೂತಿ ತಂದು ಕಾಗದಕ್ಕೇ ಇಟ್ಟು ಪೂರ್ತಿ ಒತ್ತಡ ಬಿಡುತ್ತಾರೆ. ಕಾಗದ ಸೂಕ್ಷ್ಮವಾಗಿ ಹರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಆಮೇಲೆ ಆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಇಲಿಯ ವಿಷಯ ತಮಾಷೆಗೆ ಹೇಳಿದ್ದಲ್ಲ. ಹುಲ್ಲಿನ ಬಣವೆ ಪಕ್ಕ, ರಾಗಿ ಮೂಟೆ ಇಟ್ಟ ಶೆಡ್ಡಿನಲ್ಲಿ ಕಾರು ನಿಲ್ಲಿಸುವ ಮನೆಗಳಲ್ಲಿ ಫಿಲ್ಟರ್ ಡಬ್ಬಿ ಇಲಿಗೆ ಒಳ್ಳೆಯ ಉಗ್ರಾಣ. ಬೆಚ್ಚಗಿರುತ್ತದೆ, ಯಾರೂ ಬರುವುದಿಲ್ಲ. ಕಡ್ಲೆಕಾಯಿ ಸಿಪ್ಪೆ, ಬಾನೆಟ್ ಒಳಗಿನ ಸ್ಪಂಜಿನ ಚೂರು ಸಿಕ್ಕರೆ ಡಬ್ಬಿ ಪೂರ್ತಿ ಖಾಲಿ ಮಾಡಿ. ಸುತ್ತಲಿನ ವೈರ್‌ಗಳನ್ನು ಒಂದೊಂದಾಗಿ ನೋಡಿ. ಅರ್ಧ ಕಚ್ಚಿದ ವೈರ್ ಒಮ್ಮೆ ಸಂಪರ್ಕ ಕೊಡುತ್ತದೆ, ಒಮ್ಮೆ ಕೊಡುವುದಿಲ್ಲ. ಗ್ಯಾರೇಜಿನವರಿಗೆ ಬೇಗ ಸಿಗದ ತೊಂದರೆ ಅಂದರೆ ಇದೇ.

ಫಿಲ್ಟರಿನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪನ್ನು ಕೈಯಿಂದ ಬಗ್ಗಿಸಿ ಬಿರುಕು ಹುಡುಕಿ. ಮಡಿಕೆಯ ಒಳಭಾಗದಲ್ಲಿ ಬಿರುಕು ಅಡಗಿರುತ್ತದೆ. ಐಡಲ್‌ನಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಉಸ್ ಅನ್ನುವ ಸದ್ದು ಬಂದರೆ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನೂ ಬಿಡಬೇಡಿ. ಕಾಸಿನ ಪೈಪ್, ಸಾವಿರಗಳ ತಲೆನೋವು.

ಥ್ರಾಟಲ್ ಬಾಡಿ

ಪೆಟ್ರೋಲ್ ಕಾರಿನಲ್ಲಿ ಇದು ಕೊಳೆಯಾದ ಲಕ್ಷಣ ಬೇರೆ. ಹೈವೇಯಲ್ಲಿ ಕಾರು ಚೆನ್ನಾಗಿಯೇ ಹೋಗುತ್ತದೆ. ಸಂತೆ ಬೀದಿಯಲ್ಲಿ, ಸಿಗ್ನಲ್‌ನಲ್ಲಿ, ಮೊದಲ ಒತ್ತಿಗೆ ಮಾತ್ರ ತಡವರಿಸುತ್ತದೆ, ಆಮೇಲೆ ಒಂದು ಜರ್ಕ್ ಹೊಡೆದು ಹೊರಡುತ್ತದೆ. ಐಡಲ್ ಏರಿಳಿಯುತ್ತದೆ, ಎಸಿ ಹಾಕಿದಾಗ ಆಫ್ ಆಗುವಷ್ಟು ಕುಸಿಯುತ್ತದೆ. ಫಿಲ್ಟರ್ ಕಟ್ಟಿದರೆ ಇದಕ್ಕೆ ತದ್ವಿರುದ್ಧ: ಶುರುವಿನಲ್ಲಿ ಸರಿ, ಪೂರ್ತಿ ಒತ್ತಿದಾಗ, ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಸೋಲುತ್ತದೆ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾರಣ ಸರಳ. ಎಂಜಿನ್ ಒಳಗಿನ ಎಣ್ಣೆ ಆವಿ ಗಾಳಿಯ ದಾರಿಗೇ ಮರಳಿ ಬರುತ್ತದೆ. ಧೂಳಿನ ಜೊತೆ ಸೇರಿ ಥ್ರಾಟಲ್ ತಟ್ಟೆಯ ಅಂಚಿಗೆ ಕಪ್ಪು ಡಾಂಬರಿನಂತೆ ಅಂಟುತ್ತದೆ. ತಟ್ಟೆ ಮುಚ್ಚಿದ್ದಾಗ ಅಂಚಿನಲ್ಲಿ ಇರಬೇಕಾದ ಕೂದಲೆಳೆಯಷ್ಟು ಸಂದು ಮುಚ್ಚಿಹೋಗುತ್ತದೆ.

ಸ್ವಚ್ಛ ಮಾಡಬಹುದು, ಆದರೆ ಕ್ರಮ ಇದೆ. ಎಂಜಿನ್ ತಣ್ಣಗಿರಲಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ರಬ್ಬರ್ ಪೈಪಿನ ಕ್ಲಾಂಪ್ ಸಡಿಲಿಸಿ ಪೈಪ್ ಕಳಚಿದರೆ ತಟ್ಟೆ ಕಾಣುತ್ತದೆ. ಥ್ರಾಟಲ್ ಬಾಡಿ ಕ್ಲೀನರ್ ಅಂತಲೇ ಸಿಗುವ ಸ್ಪ್ರೇ ತನ್ನಿ, ಪೆಟ್ರೋಲ್, ಸೀಮೆಎಣ್ಣೆ, ಕಾರ್ಬ್ಯುರೇಟರ್ ಕ್ಲೀನರ್ ಬೇಡ. ಕೆಲವು ಥ್ರಾಟಲ್‌ಗಳಿಗೆ ಒಳಗೆ ತೆಳುವಾದ ಲೇಪ ಇರುತ್ತದೆ, ಅದು ಎದ್ದುಹೋದರೆ ಕೊಳೆ ಇನ್ನೂ ಬೇಗ ಅಂಟುತ್ತದೆ. ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಅಂಚನ್ನು ಒರೆಸಿ. ಬಗ್ಗದ ಕೊಳೆಗೆ ಮೆತ್ತನೆಯ ಹಳೆ ಟೂತ್‌ಬ್ರಷ್ ಸಾಕು. ಮೋಟಾರ್ ಇರುವ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ಜೋರಾಗಿ ತಳ್ಳಬೇಡಿ, ಒಳಗಿನ ಪ್ಲಾಸ್ಟಿಕ್ ಗೇರ್ ಹಾಳಾಗಬಹುದು. ಕೀ ಆನ್ ಇದ್ದಾಗ ಬೆರಳು ಹಾಕುವುದಂತೂ ಬೇಡವೇ ಬೇಡ, ಮೋಟಾರ್ ತಿರುಗಿದರೆ ಬೆರಳೇ ಹೋಗುತ್ತದೆ.

ಸ್ವಚ್ಛ ಮಾಡಿದ ಮೇಲೆ ಐಡಲ್ ಜಾಸ್ತಿ ಆಗಬಹುದು. ಹೆದರಬೇಡಿ. ಇಸಿಯು ಇಷ್ಟು ದಿನ ಕೊಳೆಯ ಲೆಕ್ಕದಲ್ಲಿ ತಟ್ಟೆಯನ್ನು ಜಾಸ್ತಿ ತೆರೆಯುತ್ತಿತ್ತು. ಎಸಿ, ಲೈಟ್ ಎಲ್ಲಾ ಆಫ್ ಮಾಡಿ ಹತ್ತು ಹದಿನೈದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಹಲವು ಕಾರುಗಳು ತಾವೇ ಹೊಂದಿಕೊಳ್ಳುತ್ತವೆ. ಕೆಲವಕ್ಕೆ ಸ್ಕ್ಯಾನರ್‌ನಿಂದ ಥ್ರಾಟಲ್ ರೀಲರ್ನ್ (ಇಸಿಯುಗೆ ಹೊಸ ಲೆಕ್ಕ ಕಲಿಸುವುದು) ಮಾಡಿಸಬೇಕು.

ಒಳಗೆ ಹೋಗುವ ಗಾಳಿಯನ್ನು ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಅದರ ತಂತಿಯನ್ನು ಬಟ್ಟೆ, ಬ್ರಷ್ ಯಾವುದರಿಂದಲೂ ಮುಟ್ಟಬಾರದು. ಅದಕ್ಕೆ ಬೇರೆಯೇ ಸ್ಪ್ರೇ ಸಿಗುತ್ತದೆ. ಹೊಡೆದು ಒಣಗಲು ಬಿಡಿ, ಅಷ್ಟೇ.

ಕಿಡಿ ಮತ್ತು ಇಂಧನ

ಸಾಮಾನ್ಯ ಪ್ಲಗ್‌ಗಳು 30–40 ಸಾವಿರ ಕಿ.ಮೀ., ಇರಿಡಿಯಂ ಪ್ಲಗ್‌ಗಳು 80 ಸಾವಿರದಿಂದ ಒಂದು ಲಕ್ಷ ಕಿ.ಮೀ. ಬರುತ್ತವೆ. ತಣ್ಣಗಿನ ಎಂಜಿನ್‌ನಿಂದ ಬಿಚ್ಚಿ ತುದಿ ನೋಡಿ. ತೆಳು ಕಂದು ಬಣ್ಣ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬೀಳುತ್ತಿದೆ ಅಥವಾ ಗಾಳಿ ಸಾಲುತ್ತಿಲ್ಲ. ಸುಣ್ಣದಂತೆ ಬಿಳಿ ಅಂದರೆ ಜಾಸ್ತಿ ಕಾಯುತ್ತಿದೆ. ಎಣ್ಣೆ ಜಿಡ್ಡು ಇದ್ದರೆ ಖರ್ಚು ದೊಡ್ಡದಾಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಾಪಸ್ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಥ್ರೆಡ್ ಅಡ್ಡ ಕೂತರೆ ಅಲ್ಯೂಮಿನಿಯಂ ಹೆಡ್ ಕೆಟ್ಟುಹೋಗುತ್ತದೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಮಾತ್ರ ಮಿಸ್ ಆಗುತ್ತಿದ್ದರೆ ಅದರ ಕಾಯಿಲನ್ನು (ಪ್ಲಗ್‌ಗೆ ಕರೆಂಟ್ ಕೊಡುವ ಭಾಗ) ಪಕ್ಕದ್ದರ ಜೊತೆ ಅದಲುಬದಲು ಮಾಡಿ. ಮಿಸ್ಸಿಂಗ್ ಕಾಯಿಲ್ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ.

ಇಂಧನದ ಕೊರತೆ ಜಾಸ್ತಿ ವೇಗದಲ್ಲಿ, ಉದ್ದದ ಏರಿನಲ್ಲಿ ತೋರುತ್ತದೆ. ಗಾಡಿ ಮುಕ್ಕರಿಸುತ್ತದೆ, ಪೆಡಲ್ ಸ್ವಲ್ಪ ಬಿಟ್ಟರೆ ಸುಧಾರಿಸುತ್ತದೆ. ಸದಾ ರಿಸರ್ವ್‌ನಲ್ಲೇ ಓಡಿಸುವವರ ಪೆಟ್ರೋಲ್ ಪಂಪ್ ಬೇಗ ಸೋಲುತ್ತದೆ, ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ. ಪಂಪಿನ ಒತ್ತಡ ಅಳೆಯುವುದು, ಪೈಪ್ ಬಿಚ್ಚುವುದು ಮನೆಯ ಕೆಲಸ ಅಲ್ಲ, ಬೆಂಕಿಯ ವಿಷಯ. ಗ್ಯಾರೇಜಿಗೆ ಬಿಡಿ.

ಡೀಸೆಲ್ ಆದರೆ

ಡೀಸೆಲ್ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ನೀರು ಇಳಿಸಿ. ಆಮೇಲೆ ಟರ್ಬೊದಿಂದ, ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ದಪ್ಪ ಪೈಪುಗಳ ಜೋಡಣೆ ನೋಡಿ. ಎಣ್ಣೆ ಒದ್ದೆಯ ಕಲೆ ಇದ್ದು, ರೇಸ್ ಕೊಟ್ಟಾಗ ಉಸ್ ಅಂದು, ಹಿಂದೆ ಕಪ್ಪು ಹೊಗೆ ಬಂದರೆ ಗಾಳಿ ಸೋರುತ್ತಿದೆ. ಹೊಗೆಯ ಒಂದು ಭಾಗವನ್ನು ಎಂಜಿನ್‌ಗೇ ಮರಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿದರೂ ಹೊಗೆ ಬರುತ್ತದೆ, ಆದರೆ ಸದ್ದು ಇರುವುದಿಲ್ಲ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್ ಇದೆ. ಮನೆ, ಅಂಗಡಿ, ಮಾರ್ಕೆಟ್ ಅಂತ ಎರಡು ಮೂರು ಕಿ.ಮೀ. ಮಾತ್ರ ಓಡಿಸುವವರಲ್ಲಿ ಅದು ಕಾಯುವುದೇ ಇಲ್ಲ, ಮಸಿ ಸುಡುವುದಿಲ್ಲ. ಡಿಪಿಎಫ್ ದೀಪ ಮಾತ್ರ ಹಳದಿಯಾಗಿ ಬಂದಿದ್ದರೆ ಹೈವೇ 44 ಹತ್ತಿ ಪೆರೇಸಂದ್ರ, ಬಾಗೇಪಲ್ಲಿ ಕಡೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ವೇಗ 60–80, ಆರ್‌ಪಿಎಂ 2,000ದ ಮೇಲೆ ಇರಲಿ, ಬೇಕಾದರೆ ಒಂದು ಗೇರ್ ಕಡಿಮೆ ಇಡಿ. ದೀಪ ಮಿನುಗುತ್ತಿದ್ದರೆ ಅಥವಾ ಎಂಜಿನ್ ದೀಪವೂ ಹತ್ತಿದ್ದರೆ ಈ ಪ್ರಯೋಗ ಬೇಡ, ನೇರ ಸರ್ವಿಸ್ ಸೆಂಟರ್.

ಸ್ಕ್ಯಾನರ್ ಏನು ಹೇಳುತ್ತದೆ

ಕಾರಿನ ದೋಷ ಓದಲು ಸ್ಟೀರಿಂಗ್ ಕೆಳಗೆ ಇರುವ ಓಬಿಡಿ ಸಾಕೆಟ್ಟಿಗೆ ಹಾಕುವ ಸಾದಾ ಬ್ಲೂಟೂತ್ ಅಡಾಪ್ಟರ್ ದುಬಾರಿಯಲ್ಲ, ಮೊಬೈಲ್ ಆ್ಯಪ್ ಜೊತೆ ಕೆಲಸ ಮಾಡುತ್ತದೆ. ದೋಷದ ಕೋಡ್ ಬಂದರೆ ಬರೆದುಕೊಳ್ಳಿ, ಅಳಿಸಬೇಡಿ. ಪಿ 0171 ಅಂದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ. ಪಿ 0299 ಟರ್ಬೊ ಒತ್ತಡ ಸಾಲದು. ಪಿ 0301ರಿಂದ 0304 ಆಯಾ ಸಿಲಿಂಡರಿನ ಮಿಸ್ಸಿಂಗ್. ಪಿ 2135, ಪಿ 2138 ಬಂದರೆ ಥ್ರಾಟಲ್ ಅಥವಾ ಪೆಡಲ್‌ನ ಜೋಡಿ ಸೆನ್ಸರ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ. ಆಗ ಇಸಿಯು ಸುರಕ್ಷತೆಗಾಗಿ ಶಕ್ತಿಯನ್ನು ಕಟ್ಟಿಹಾಕುತ್ತದೆ, ಎಷ್ಟು ಒತ್ತಿದರೂ ಗಾಡಿ ತೆವಳುತ್ತದೆ. ಇಂಥ ಕಡೆ ಮೊದಲು ಕನೆಕ್ಟರ್ ಮತ್ತು ವೈರ್ ನೋಡಿಸಿ, ಆಮೇಲೆ ಪಾರ್ಟ್.

ಕೋಡ್ ಇಲ್ಲದಿದ್ದರೆ ಆ್ಯಪ್‌ನಲ್ಲಿ ಲೈವ್ ಡೇಟಾ (ಸೆನ್ಸರ್‌ಗಳ ಆ ಕ್ಷಣದ ಅಂಕಿ) ನೋಡಿ. ಎಂಜಿನ್ ಆಫ್, ಕೀ ಮಾತ್ರ ಆನ್ ಮಾಡಿ ಪೆಡಲನ್ನು ನಿಧಾನ ಒತ್ತಿದರೆ ಪೆಡಲ್ ಸೆನ್ಸರಿನ ಅಂಕಿ ನಯವಾಗಿ ಏರಬೇಕು. ಕೆಲವು ಕಾರಿನಲ್ಲಿ ಅದು ಸೊನ್ನೆಯಿಂದ ಶುರುವಾಗುವುದಿಲ್ಲ, ಪರವಾಗಿಲ್ಲ. ನಡುವೆ ಹಾರಿದರೆ, ನಿಂತರೆ ಪೆಡಲ್ ಸೆನ್ಸರ್ ಸವೆದಿದೆ. ಪೆಟ್ರೋಲ್ ಕಾರಿನಲ್ಲಿ ಥ್ರಾಟಲ್ ದಾಟಿದ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕೂಡ ಕೆಲಸಕ್ಕೆ ಬರುತ್ತದೆ. ಎಂಜಿನ್ ಆಫ್ ಇದ್ದಾಗ ನಮ್ಮೂರಿನಲ್ಲಿ 91 ಕಿಲೋಪ್ಯಾಸ್ಕಲ್ ಹತ್ತಿರ, ನಂದಿ ಬೆಟ್ಟದ ಮೇಲೆ 85 ಹತ್ತಿರ ತೋರಿಸಬೇಕು. ಯೂಟ್ಯೂಬಿನಲ್ಲಿ ಯಾರೋ 101 ಇರಬೇಕು ಅಂದರು ಅಂತ ಸೆನ್ಸರ್ ಬದಲಾಯಿಸಬೇಡಿ, ಅದು ಸಮುದ್ರ ತೀರದ ಲೆಕ್ಕ. ಬಿಸಿ ಎಂಜಿನ್ ಐಡಲ್‌ನಲ್ಲಿ 30–40. ಟರ್ಬೊ ಇಲ್ಲದ ಕಾರಿನಲ್ಲಿ ರಸ್ತೆಯಲ್ಲಿ ಪೂರ್ತಿ ಒತ್ತಿದಾಗ ಮತ್ತೆ 90ರ ಹತ್ತಿರ ಬರಬೇಕು. ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರಲ್ಲ. 70ರಲ್ಲೇ ನಿಂತರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ ಅಥವಾ ತಟ್ಟೆ ಪೂರ್ತಿ ತೆರೆಯುತ್ತಿಲ್ಲ. 90 ಬಂದರೂ ಎಳೆತ ಇಲ್ಲ ಅಂದರೆ ಗಾಳಿ ಸರಿ ಇದೆ. ಇಂಧನ, ಕಿಡಿ ಅಥವಾ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದೆಯೇ ಅನ್ನುವ ಕಡೆ ಹೊರಳಿ.

ಪೆಡಲ್‌ಗೆ ಹಾಕುವ ಥ್ರಾಟಲ್ ಬೂಸ್ಟರ್ ಬಗ್ಗೆ ಕೇಳುವವರಿದ್ದಾರೆ. ನೀವು 30 ಭಾಗ ಒತ್ತಿದರೆ ಅದು ಇಸಿಯುಗೆ 50 ಅಂತ ಹೇಳುತ್ತದೆ, ಅಷ್ಟೇ. ಎಂಜಿನ್ ಶಕ್ತಿ ಕಾಸಿನಷ್ಟೂ ಹೆಚ್ಚುವುದಿಲ್ಲ. ಆರೋಗ್ಯವಾದ ಕಾರಿಗೆ ಬೇಕಿದ್ದರೆ ಹಾಕಿಕೊಳ್ಳಿ, ಕಾಯಿಲೆ ಇರುವ ಕಾರಿಗೆ ಬೇಡ. ಟ್ಯಾಂಕಿಗೆ ಸುರಿಯುವ ಬಾಟಲಿಗಳೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಗ್ಯಾರೇಜಿಗೆ ಹೋಗಲೇಬೇಕಾದರೆ "ಪಿಕಪ್ ಇಲ್ಲ" ಅನ್ನಬೇಡಿ. "ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ, 3,000 ಆರ್‌ಪಿಎಂ ಮೇಲೆ ಏರುತ್ತಿಲ್ಲ ಅಣ್ಣ, ಫಿಲ್ಟರ್ ನೋಡಿದ್ದೀನಿ, ಕೋಡ್ ಇದು" ಅನ್ನಿ. ಬದಲಾಯಿಸಿದ ಹಳೆ ಪಾರ್ಟ್ ವಾಪಸ್ ಕೇಳಿ. ಬಿಲ್ ಕೊಡುವ ಮುಂಚೆ ಮೆಕ್ಯಾನಿಕ್ಕನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ತೊಂದರೆ ಬಂದ ಅದೇ ರಸ್ತೆಯಲ್ಲಿ, ಅದೇ ಗೇರಿನಲ್ಲಿ ಒಂದು ಸುತ್ತು ಓಡಿಸಿ ನೋಡಿ.